ಲೈಸೆನ್ಸ್ ಇದೆ, ಕೋವಿಯೂ ಇದೆ, ಅಭ್ಯಾಸ ಇದೆಯೇ?

ನಾವು ಕೋವಿ ಎನ್ನುತ್ತೇವೆ, ಮಲಯಾಳದಲ್ಲಿ ಅದು ತೋಕ್ಕ್, ತುಳುವಿನಲ್ಲಿ ಬೆಡಿ. ಹೆಸರು ಯಾವುದೇ ಇರಲಿ, ಕಾಸರಗೋಡಿನ ಗುಡ್ಡ ಬದಿಯ ತೋಟದ ಮನೆಗಳಿಗೆ ಈ ವಸ್ತು ಹೊಸತಲ್ಲ. ಹೆಚ್ಚಿನವರ ಬಳಿ ಇರುವುದು ಕಾಡುಹಂದಿಯ ಕಾಟಕ್ಕೆಂದು ಅಜ್ಜನ ಕಾಲದಲ್ಲಿ ಪಡೆದ ಕೇಪಿನ ಕೋವಿ ಅಥವಾ ಜೋಡು ನಳಿಗೆಯ ತೋಟೆ ಕೋವಿ. ಒಂಟಿ ಮನೆಯವರು, ಹಣ ಚಿನ್ನದ ವ್ಯವಹಾರದವರು, ಸೇನೆಯಿಂದ ನಿವೃತ್ತರಾದವರು ಮುಂತಾದ ಕೆಲವರ ಬಳಿ ಆತ್ಮರಕ್ಷಣೆಗೆಂದು ಪಡೆದ ರಿವಾಲ್ವರೋ ಪಿಸ್ತೂಲೋ ಇರುತ್ತದೆ. ಲೈಸೆನ್ಸ್ ನವೀಕರಣಕ್ಕೆ ಕಚೇರಿಗೆ ಅಲೆಯುವುದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮತ್ತೆ ತಂದು ಕಪಾಟಿನಲ್ಲಿಡುವುದು, ಇಷ್ಟರಲ್ಲೇ ವರ್ಷಗಳು ಕಳೆಯುತ್ತವೆ. ಗುಂಡು ಹಾರಿಸಿದ ನೆನಪೇ ಹಲವರಿಗೆ ಇರುವುದಿಲ್ಲ.

ಹಾಗಾದರೆ ನಡುರಾತ್ರಿ ಬಾಗಿಲು ಒಡೆಯುವ ಸದ್ದಾದಾಗ ಆ ಕೈ ಮಾತು ಕೇಳುತ್ತದೆಯೇ? ಕೋವಿಯಿಂದ ರಕ್ಷಣೆ ಸಿಗುತ್ತದೆ ಎಂದು ನಂಬುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಅಭ್ಯಾಸವಿಲ್ಲದ ಕೈಯಲ್ಲಿರುವ ಕೋವಿಯಿಂದ ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಅಪಾಯ. ಅಭ್ಯಾಸವೆಂದರೆ ಏನು, ಅದನ್ನು ಎಲ್ಲಿ, ಹೇಗೆ ಮಾಡಬೇಕು, ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಡ್ರಿಲ್ ಎಂದರೆ ಏನು?

ಒಂದು ಸಣ್ಣ ಕ್ರಿಯೆಯನ್ನು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಮಾಡಿ ಕೈಗೆ ರೂಢಿ ಮಾಡಿಸುವುದೇ ಡ್ರಿಲ್. ಯಕ್ಷಗಾನದ ಹುಡುಗರು ಹಗಲು ಹೊತ್ತು ಖಾಲಿ ಜಗಲಿಯಲ್ಲಿ ಹೆಜ್ಜೆ ಕಲಿಯುತ್ತಾರಲ್ಲ, ಹಾಗೆ. ರಾತ್ರಿ ಚೆಂಡೆ ಬಿದ್ದಾಗ ಯೋಚಿಸುತ್ತಾ ನಿಂತರೆ ಆಟ ಕೆಡುತ್ತದೆ. ಕಾಲು ತಾನಾಗಿ ಬೀಳಬೇಕು. ಭಯವಾದಾಗ ಎದೆ ಬಡಿತ ಏರುತ್ತದೆ, ಬೆರಳು ನಡುಗುತ್ತದೆ, ಕಣ್ಣಿಗೆ ಎದುರಿನದು ಮಾತ್ರ ಕಾಣುತ್ತದೆ. ಆಗ ಮನುಷ್ಯ ಹೊಸದಾಗಿ ಏನನ್ನೂ ಕಲಿಯಲಾರ, ರೂಢಿಯಾದದ್ದನ್ನಷ್ಟೇ ಮಾಡಬಲ್ಲ.

ಕೈಕೋವಿಯ ಅಭ್ಯಾಸ ಒಂದು ಪಾಠಕ್ರಮವಾಗಿ ಬೆಳೆದದ್ದು ಅಮೆರಿಕಾದಲ್ಲಿ. ಅಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವಯಸ್ಕರು ಪರವಾನಗಿ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಮರೀನ್ ಪಡೆಯ ನಿವೃತ್ತ ಅಧಿಕಾರಿ ಜೆಫ್ ಕೂಪರ್ ಎಂಬವರು 1976ರಲ್ಲಿ ಅರಿಜೋನಾ ರಾಜ್ಯದ ಪೋಲ್ಡನ್ ಎಂಬಲ್ಲಿ ಇದಕ್ಕಾಗಿಯೇ ಒಂದು ಶಾಲೆ ತೆರೆದರು. ಅವರು ಪ್ರಚಾರಕ್ಕೆ ತಂದ ನಾಲ್ಕು ನಿಯಮಗಳನ್ನು ಇಂದು ಲೋಕದೆಲ್ಲೆಡೆ ಕಲಿಸುತ್ತಾರೆ.

1. ಪ್ರತಿಯೊಂದು ಕೋವಿಯಲ್ಲೂ ಗುಂಡು ಇದೆ ಎಂದೇ ತಿಳಿದು ನಡೆಯಬೇಕು.

2. ನಾಶವಾಗಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು.

3. ಗುರಿಗೆ ನೇರವಾಗುವ ತನಕ ಬೆರಳು ಕುದುರೆಯ ಮೇಲೆ ಹೋಗಬಾರದು.

4. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ಗೊತ್ತಿರಬೇಕು.

ನಾಲ್ಕನೆಯದು ನಮ್ಮ ಕಡೆಗೆ ಹೇಳಿ ಮಾಡಿಸಿದಂತಿದೆ. ನಸುಕಿಗೆ ಮೊದಲೇ ರಬ್ಬರ್ ತೋಟದಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್ ಮಾಡುವವರಿರುತ್ತಾರೆ. ಪೊದೆ ಅಲುಗಿದ್ದು ಹಂದಿಯಿಂದಲೋ ಮನುಷ್ಯನಿಂದಲೋ ಎಂದು ತಿಳಿಯದೆ ಒತ್ತಿದ ಕುದುರೆಯನ್ನು ಹಿಂದಕ್ಕೆ ತರಲಾಗದು. ಮನೆಯೊಳಗೂ ಇದೇ ಮಾತು. ಕತ್ತಲಲ್ಲಿ ನಡೆದು ಬಂದದ್ದು ಕಳ್ಳನೋ, ನೀರು ಕುಡಿಯಲು ಎದ್ದ ಮಗನೋ ಎಂದು ನೋಡಲು ಕೈಯಲ್ಲಿ ಟಾರ್ಚ್ ಬೇಕು, ಬಾಯಲ್ಲಿ ‘ಯಾರದು?’ ಎಂಬ ಪ್ರಶ್ನೆ ಬೇಕು. ಈ ಪ್ರಶ್ನೆ ಕೇಳುವುದೂ ಡ್ರಿಲ್‌ನ ಒಂದು ಭಾಗವೇ.

21 ಅಡಿಯ ಪಾಠ

ಅಮೆರಿಕಾದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚೂರಿ ಹಿಡಿದವನು ಎಷ್ಟು ಹತ್ತಿರವಿದ್ದರೆ ಅಪಾಯ ಎಂಬುದು ಅವರ ಪ್ರಶ್ನೆ. ಸಾಧಾರಣ ಆರೋಗ್ಯವಂತನೊಬ್ಬ 21 ಅಡಿ, ಅಂದರೆ ಏಳು ಗಜ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ ಎಂದು ಅವರು ಅಳೆದು ತೋರಿಸಿದರು. ಸೊಂಟದ ಚೀಲದಿಂದ ಪಿಸ್ತೂಲು ತೆಗೆದು ಗುರಿಯಿಟ್ಟು ಹಾರಿಸಲು ಚೆನ್ನಾಗಿ ಪಳಗಿದವನಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು.

ಇದನ್ನು ಕೆಲವರು ‘21 ಅಡಿಯೊಳಗೆ ಬಂದವನಿಗೆ ಗುಂಡು ಹಾರಿಸಬಹುದು’ ಎಂದು ತಪ್ಪಾಗಿ ತಿಳಿದದ್ದುಂಟು. ಅದರ ನಿಜವಾದ ಪಾಠ ಬೇರೆ. ಸೊಂಟದಲ್ಲೇ ಪಿಸ್ತೂಲು ಇರುವ ಪಳಗಿದ ಪೊಲೀಸನಿಗೇ ಸಮಯ ಸಾಲುವುದಿಲ್ಲವಾದರೆ, ಬೀಗ ಹಾಕಿದ ಕಪಾಟಿನಲ್ಲಿ ಕೋವಿ, ಇನ್ನೊಂದು ಕಡೆ ತೋಟೆ ಇಟ್ಟ ಮನೆಯವನಿಗೆ ಎಲ್ಲಿ ಸಾಲುತ್ತದೆ? ನಮ್ಮ ಹಲವು ಮನೆಗಳಲ್ಲಿ ಅಂಗಳದಿಂದ ಚಾವಡಿಗೆ 21 ಅಡಿಯೂ ಇರುವುದಿಲ್ಲ. ಆದ್ದರಿಂದ ಮೊದಲ ರಕ್ಷಣೆ ಗಟ್ಟಿ ಬಾಗಿಲು, ಅಂಗಳದ ದೀಪ, ಬೊಗಳುವ ನಾಯಿ ಮತ್ತು ಫೋನು. ಇವು ಸಮಯ ಗಳಿಸಿಕೊಡುತ್ತವೆ. ತುರ್ತು ಸಂಖ್ಯೆ 112 ಇದೆ. ಆದರೆ ಗಡಿಯ ಊರುಗಳಲ್ಲಿ ಮೊಬೈಲು ಪಕ್ಕದ ರಾಜ್ಯದ ಟವರ್ ಹಿಡಿಯುವುದು ನಮಗೆ ಗೊತ್ತಿದ್ದದ್ದೇ. ಹಾಗಾಗಿ ನಮ್ಮ ಠಾಣೆಯ ನಂಬರನ್ನೂ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡುವುದು ಒಳ್ಳೆಯದು.

ಖಾಲಿ ಕೋವಿಯ ಅಭ್ಯಾಸ

ಲೈಸೆನ್ಸ್‌ದಾರರು ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಬೆಲೆಯೂ ಕಡಿಮೆಯಲ್ಲ. ಹಾಗಾಗಿ ಹೆಚ್ಚಿನ ಅಭ್ಯಾಸವನ್ನು ಗುಂಡಿಲ್ಲದೆಯೇ ಮಾಡಬೇಕಾಗುತ್ತದೆ. ಸ್ಪರ್ಧೆಗೆ ಇಳಿಯುವ ಶೂಟರ್‌ಗಳೂ ಹೀಗೆಯೇ ಅಭ್ಯಾಸ ಮಾಡುತ್ತಾರೆ.

ಇದಕ್ಕೆ ಒಂದು ಕೋಣೆ, ಹಿಂದೆ ಯಾರೂ ಇಲ್ಲದ ದಪ್ಪ ಕಲ್ಲಿನ ಗೋಡೆ ಬೇಕು. ಮೊದಲು ತೋಟೆಗಳೆಲ್ಲ ಬೇರೆ ಕೋಣೆಗೆ ಹೋಗಬೇಕು. ನಂತರ ಕೋವಿ ಖಾಲಿಯಾಗಿದೆಯೇ ಎಂದು ಪರೀಕ್ಷಿಸಬೇಕು. ರಿವಾಲ್ವರ್ ಆದರೆ ತಿರುಗುವ ಭಾಗವನ್ನು ತೆರೆದು ಪ್ರತಿಯೊಂದು ತೂತನ್ನೂ ಎಣಿಸಿ ನೋಡಬೇಕು. ಪಿಸ್ತೂಲು ಆದರೆ ಮೊದಲು ಮ್ಯಾಗಜಿನ್ ಹೊರಗೆ ತೆಗೆಯಬೇಕು, ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಒಳಗೆ ಕಣ್ಣು ಹಾಯಿಸಿ ಬೆರಳಿನಿಂದಲೂ ಮುಟ್ಟಿ ನೋಡಬೇಕು. ಮ್ಯಾಗಜಿನ್ ತೆಗೆದ ಕೂಡಲೇ ಪಿಸ್ತೂಲು ಖಾಲಿಯಾಯಿತು ಎಂದು ತಿಳಿಯುವುದೇ ದೊಡ್ಡ ತಪ್ಪು. ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಈ ಎರಡು ಕೆಲಸಗಳ ಕ್ರಮ ಅದಲು ಬದಲಾದರೂ ಅಪಾಯವೇ. ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ ಹೊಸ ಗುಂಡು ಒಳಗೆ ಸೇರಿರುತ್ತದೆ. ಜೋಡು ನಳಿಗೆಯದನ್ನು ಮುರಿದು ಎರಡೂ ನಳಿಗೆಗಳಲ್ಲಿ ಬೆಳಕು ಕಾಣುವುದನ್ನು ನೋಡಬೇಕು. ಕೇಪಿನ ಕೋವಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಖಾಲಿ ನಳಿಗೆಗೆ ಗಜಕೋಲು ಎಷ್ಟು ಆಳ ಇಳಿಯುತ್ತದೆ ಎಂದು ಮೊದಲೇ ಕೋಲಿನ ಮೇಲೆ ಗುರುತು ಹಾಕಿಟ್ಟುಕೊಂಡಿದ್ದರೆ, ಒಳಗೆ ಮದ್ದು ಇದೆಯೇ ಎಂದು ಆ ಗುರುತು ಹೇಳುತ್ತದೆ. ಹಳೆಯ ಕೋವಿಗಳ ಕುದುರೆಯನ್ನು ಖಾಲಿ ಬಡಿಯುವುದರಿಂದ ಒಳಗಿನ ಮೊಳೆ ಮುರಿಯಬಹುದು. ಅಂಥವರು ಡಮ್ಮಿ ತೋಟೆ ಬಳಸುವುದು ಲೇಸು.

ಖಾಲಿ ಎಂದು ಖಚಿತವಾದ ಮೇಲೆ ಗೋಡೆಯ ಒಂದು ಚುಕ್ಕೆಗೆ ಗುರಿಯಿಟ್ಟು, ನಳಿಗೆ ಅಲುಗದಂತೆ ಕುದುರೆಯನ್ನು ನಿಧಾನವಾಗಿ ಹಿಂದಕ್ಕೆ ಒತ್ತಬೇಕು. ಹತ್ತು ನಿಮಿಷ ಸಾಕು. ದಣಿದ ಮೇಲೆ, ಸಿಟ್ಟಿನಲ್ಲಿದ್ದಾಗ, ಕುಡಿದಾಗ ಖಂಡಿತ ಬೇಡ. ಮುಗಿದ ಮೇಲೆ ‘ಅಭ್ಯಾಸ ಮುಗಿಯಿತು’ ಎಂದು ಬಾಯಿಬಿಟ್ಟು ಹೇಳಿ ಕೋವಿಗೆ ಬೀಗ ಹಾಕಬೇಕು. ಇದು ತಮಾಷೆಯಲ್ಲ. ಮುಗಿಯಿತೆಂದು ತೋಟೆ ತುಂಬಿ, ‘ಇನ್ನೊಂದು ಸಲ’ ಎಂದು ಕುದುರೆ ಒತ್ತಿದಾಗಲೇ ಅನಾಹುತ ಆಗುವುದು.

ಗುಂಡು ಹಾರಿಸಿ ಕಲಿಯಲು ರೇಂಜ್ ಒಂದೇ ಜಾಗ. ತೋಟದಲ್ಲಿ ತೆಂಗಿನಕಾಯಿಗೆ ಗುರಿಯಿಡುವುದು, ಮದುವೆ ಮನೆಯಲ್ಲಿ ಆಕಾಶಕ್ಕೆ ಹಾರಿಸುವುದು ಬೇಡವೇ ಬೇಡ. 2019ರ ತಿದ್ದುಪಡಿಯ ಪ್ರಕಾರ ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ತರಬೇತಿ ಕಾನೂನಿನಲ್ಲೇ ಇದೆ

1959ರ ಆಯುಧ ಕಾಯ್ದೆಯಡಿ 2016ರಲ್ಲಿ ಹೊಸ ನಿಯಮಗಳು ಬಂದವು. ಲೈಸೆನ್ಸ್ ಕೇಳುವವರು ಸುರಕ್ಷತಾ ತರಬೇತಿ ಪಡೆಯಬೇಕು ಎಂಬುದು ಅದರಲ್ಲಿದೆ. ಕೋವಿ ಹಿಡಿಯುವ ಕ್ರಮ, ಹಾರಿಸುವ ವಿಧಾನ, ಜೋಪಾನವಾಗಿ ಇಡುವುದು, ಸಾಗಿಸುವುದು, ಕಾನೂನಿನ ಪರಿಚಯ, ಮಕ್ಕಳಿರುವ ಮನೆಯಲ್ಲಿ ವಹಿಸಬೇಕಾದ ಎಚ್ಚರ ಎಲ್ಲವೂ ಈ ತರಬೇತಿಯ ವಿಷಯಗಳು. ಕೇರಳದಲ್ಲಿ ಲೈಸೆನ್ಸ್‌ದಾರರಿಗೂ ಅರ್ಜಿದಾರರಿಗೂ ಶುಲ್ಕ ಪಡೆದು ತರಬೇತಿ ಕೊಡಲು ಪೊಲೀಸ್ ಇಲಾಖೆ 2022ರಲ್ಲಿ ಕ್ರಮ ಕೈಗೊಂಡಿತು. ಅಜ್ಜನಿಂದ ಬಂದ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮೊಮ್ಮಕ್ಕಳು ಇದನ್ನು ಬರೀ ಕಾಗದದ ಕೆಲಸ ಎಂದು ತಿಳಿಯದೆ ಕಲಿತೇ ಬರಬೇಕು.

ಗಡಿಯವರಿಗೆ ಇನ್ನೊಂದು ಎಚ್ಚರ. ಲೈಸೆನ್ಸ್‌ನಲ್ಲಿ ಅದು ಊರ್ಜಿತವಾಗಿರುವ ಪ್ರದೇಶ ಯಾವುದು ಎಂದು ಬರೆದಿರುತ್ತದೆ. ಅಲ್ಲಿ ಕೇರಳ ಎಂದಷ್ಟೇ ಇದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಒಯ್ಯುವಂತಿಲ್ಲ. ನಮಗೆ ಅದು ಅರ್ಧ ಗಂಟೆಯ ದಾರಿ ಇರಬಹುದು, ಕಾನೂನಿಗೆ ಬೇರೆ ರಾಜ್ಯ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದು 2029ರವರೆಗೆ ಮುಂದುವರಿದಿದ್ದು, ಕರ್ನಾಟಕ ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅದನ್ನು ನೋಡಿ ಈಚೆಗಿನ ರೈತರು ತಮಗೂ ಲೈಸೆನ್ಸ್ ಬೇಡ ಎಂದುಕೊಳ್ಳಬಾರದು.

ಯಾವಾಗ ಹಾರಿಸಬಹುದು?

ಕೈಗೆ ಎಷ್ಟೇ ಅಭ್ಯಾಸವಿದ್ದರೂ ತಲೆಗೆ ಈ ಅಭ್ಯಾಸ ಇಲ್ಲದಿದ್ದರೆ ಜೈಲು ತಪ್ಪದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ದಂಡ ಸಂಹಿತೆಯಲ್ಲಿ ಇವು 96ರಿಂದ 106ರವರೆಗೆ ಇದ್ದವು. ಸಾರಾಂಶ ಇಷ್ಟು: ಪ್ರಾಣ ಹೋಗುವ ಅಥವಾ ಘೋರ ಗಾಯವಾಗುವ ಭಯ ನಿಜವಾಗಿ ಎದುರಿಗಿದ್ದಾಗ, ಅತ್ಯಾಚಾರ, ಅಪಹರಣದಂಥ ಆಕ್ರಮಣಗಳಲ್ಲಿ, ಪ್ರತಿರೋಧ ಎದುರಾಳಿಯ ಸಾವಿನವರೆಗೂ ಹೋಗಬಹುದು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಈ ಹಕ್ಕಿನ ವ್ಯಾಪ್ತಿಯನ್ನು ವಿವರಿಸಿತು. ದಾಳಿಗೊಳಗಾದವನು ತಕ್ಕಡಿ ಹಿಡಿದು ತೂಗಿ ಪ್ರತಿರೋಧಿಸಬೇಕೆಂದು ನಿರೀಕ್ಷಿಸಲಾಗದು, ಆದರೆ ಸೇಡಿಗೆ ಈ ಹಕ್ಕು ಇಲ್ಲ ಎಂಬುದು ಅದರ ತಾತ್ಪರ್ಯ.

ನಮ್ಮೂರಿನ ಉದಾಹರಣೆ ನೋಡೋಣ. ರಾತ್ರಿ ಬಾಗಿಲು ಒಡೆದು ಕತ್ತಿ ಹಿಡಿದು ಒಳಗೆ ನುಗ್ಗಿದವನು ಒಂದು ಬಗೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಗೋಣಿ ಹೊತ್ತು ಓಡುವವನು ಇನ್ನೊಂದು ಬಗೆ. ಎರಡನೆಯವನ ಬೆನ್ನಿಗೆ ಗುಂಡು ಹಾರಿಸಿದರೆ ಅದು ಆತ್ಮರಕ್ಷಣೆಯಲ್ಲ. ವರ್ಷದ ಫಸಲು ಹೋದ ಸಂಕಟ ದೊಡ್ಡದೇ. ಆದರೆ ಒಂದು ಗೋಣಿ ಅಡಿಕೆಗಾಗಿ ಕೊಲೆ ಆರೋಪ ಹೊತ್ತು ಕೋರ್ಟು ಅಲೆದರೆ ಅಡಿಕೆಯ ಜೊತೆ ತೋಟವೂ ಹೋಗುತ್ತದೆ.

ಮನೆಯೊಳಗಿನ ಲೆಕ್ಕ

ಕೋವಿ, ತೋಟೆ ಎರಡಕ್ಕೂ ಬೇರೆ ಬೇರೆ ಬೀಗ ಇರಲಿ, ಕೀಲಿಕೈ ಲೈಸೆನ್ಸ್‌ದಾರರ ಬಳಿಯೇ ಇರಲಿ. ಮಕ್ಕಳಿಗೆ ಗೊತ್ತಿಲ್ಲದ ಅಡಗುತಾಣ ಮನೆಯಲ್ಲಿ ಇರುವುದಿಲ್ಲ. ಕೋವಿ ಕಂಡರೆ ಮುಟ್ಟಬಾರದು, ದೊಡ್ಡವರನ್ನು ಕರೆಯಬೇಕು ಎಂದು ಅವರಿಗೆ ಹೇಳಿಕೊಡಬೇಕು. ಮನೆಯಲ್ಲಿ ಯಾರಾದರೂ ಮನಸ್ಸು ಕೆಟ್ಟು ಕುಗ್ಗಿದ್ದರೆ, ಕುಡಿತ, ಜಗಳ ಹೆಚ್ಚಿದ್ದರೆ, ಕೋವಿಯನ್ನು ಸ್ವಲ್ಪ ಕಾಲ ಮನೆಯಿಂದ ಹೊರಗಿಡುವುದೇ ನಿಜವಾದ ರಕ್ಷಣೆ. ಠಾಣೆಯಲ್ಲೋ ಅಧಿಕೃತ ಆಯುಧ ವ್ಯಾಪಾರಿಯಲ್ಲೋ ವಿಚಾರಿಸಿ, ಒಪ್ಪಿಸಿ, ರಸೀದಿ ಪಡೆಯಬಹುದು.

ಅಭ್ಯಾಸಕ್ಕೆ ಸಮಯವಿಲ್ಲ, ಕಣ್ಣು ಮಂದವಾಗಿದೆ, ಕೈ ನಡುಗುತ್ತದೆ ಎನ್ನುವವರು ಕೋವಿಯನ್ನು ಕಾನೂನು ಪ್ರಕಾರ ಮಾರಿ ಅಥವಾ ಒಪ್ಪಿಸಿ ಲೈಸೆನ್ಸ್ ಬಿಟ್ಟುಕೊಡುವುದರಲ್ಲಿ ಮರ್ಯಾದೆಗೆ ಏನೂ ಕುಂದಿಲ್ಲ. ಇಟ್ಟುಕೊಳ್ಳುವವರು ಕೋವಿ ಖಾಲಿ ಮಾಡಿ ನೋಡುವುದನ್ನೇ ಮೊದಲ ಡ್ರಿಲ್ ಆಗಿ ಕಲಿಯಲಿ. ಗುರಿಯಿಡುವುದು ಆಮೇಲಿನ ಮಾತು.