ಬಿರುಗಾಳಿಯ ನಂತರ ದೇವರಾಯನದುರ್ಗದ ಕಾಲುದಾರಿ

ಭರಣಿ, ಕೃತ್ತಿಕೆ ಮಳೆಗಳು ಬಿರುಗಾಳಿಯೊಡನೆ ಬಂದ ವರ್ಷ ಎಷ್ಟು ಅಡಿಕೆ ಮರ ಮುರಿದವು, ಎಷ್ಟು ಸಿಲ್ವರ್ ಓಕ್ ಕಾಫಿ ಗಿಡಗಳ ಮೇಲೆ ಒರಗಿದವು ಎಂಬ ಲೆಕ್ಕ ಸಂಘದ ಕಚೇರಿಗೆ ತಪ್ಪದೆ ಬರುತ್ತದೆ. ಅದೇ ಗಾಳಿ ದೇವರಾಯನದುರ್ಗದ ಕಾಡಿನ ಕಾಲುದಾರಿಗೆ ಏನು ಮಾಡಿತೆಂದು ಬರೆದು ತಿಳಿಸುವವರಿಲ್ಲ. ನಾಮದ ಚಿಲುಮೆಗೂ ನರಸಿಂಹಸ್ವಾಮಿಯ ಬೆಟ್ಟಕ್ಕೂ ನಮ್ಮ ಹಿರಿಯರು ನಡೆದುಹೋದ ಕಾಡು ಅದು; ಇಂದು ಪಟ್ಟಣದ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು ಬರುತ್ತಾರೆ.

ಆ ದಾರಿಯ ಮಾತು ನಮಗೇಕೆ ಎನ್ನುವವರು ನೀರಿನ ಜಾಡು ಹಿಡಿದು ನೋಡಬೇಕು. ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ತೆಂಕಣ ಮಗ್ಗುಲಲ್ಲಿ ಹುಟ್ಟುವ ಶಿಂಷಾ ಗುಬ್ಬಿಯ ಕಡಬ ಕೆರೆ, ಕುಣಿಗಲ್ಲಿನ ಮಾರ್ಕೋನಹಳ್ಳಿ ಜಲಾಶಯಗಳನ್ನು ತುಂಬಿ, ಒಟ್ಟು 221 ಕಿಲೋಮೀಟರ್ ಹರಿದು ಕಾವೇರಿಗೆ ಸೇರುತ್ತದೆ. ಬೆಟ್ಟದಲ್ಲಿ ಕೊಚ್ಚಿದ ಮಣ್ಣು ಕೆಳಗಿನ ಕೆರೆಗಳಿಗೆ ಹೂಳು.

ದಾರಿಗೆ ಅಡ್ಡ ಬಿದ್ದ ಮರವನ್ನು ಕಂಡು ಎಲ್ಲರೂ ಮರುಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಚಿಕ್ಕ ನಷ್ಟ. ನಡೆಯುವವರು ಅದನ್ನು ಬಳಸಿ ಹೋಗಲು ಪಕ್ಕದಲ್ಲಿ ಹೊಸ ಜಾಡು ತುಳಿಯುತ್ತಾರೆ. ಹುಲ್ಲು ಸವೆದು ಗರಸು ಮಣ್ಣು ಬಯಲಾಗುತ್ತದೆ. ಮುಂದಿನ ಮಳೆಯ ನೀರು ಆ ಜಾಡನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಮೊದಲ ವರ್ಷ ಗೇಣುದ್ದ ಕೊರಕಲು, ಆಮೇಲೆ ಮೊಣಕಾಲುದ್ದ. ಆಗ ಜನ ಕೊರಕಲನ್ನೂ ಬಿಟ್ಟು ಮೂರನೆಯ ಜಾಡು ಹಿಡಿಯುತ್ತಾರೆ! ದಾರಿಯನ್ನು ಕೆಡಿಸುವುದರಲ್ಲಿ ಗಾಳಿಗಿಂತ ನೀರಿನ ಪಾಲು ಹೆಚ್ಚು.

ಆದಕಾರಣ ದುರಸ್ತಿಯೆಂದರೆ ಮೊದಲು ನೀರನ್ನು ತಿರುಗಿಸುವುದು. ತೋಟದಲ್ಲಿ ಬಸಿಗಾಲುವೆ ತೆಗೆದ ಕೈಗೆ ಇದು ಹೊಸ ವಿದ್ಯೆಯೇನಲ್ಲ. ದಾರಿಗೆ ಓರೆಯಾಗಿ ಕಲ್ಲು ಹುಗಿದು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಳಿಜಾರಿನ ಪೊದೆಗಳತ್ತ ಬಿಡಬೇಕು. ಕಡಿದಾದಷ್ಟೂ ಈ ಅಡ್ಡಗಾಲುವೆಗಳು ಹತ್ತಿರವಿರಬೇಕು. ಬಿದ್ದ ಮರವನ್ನು ಒಬ್ಬರು ದಾಟುವಷ್ಟು ಅಗಲಕ್ಕೆ ಮಾತ್ರ ಕತ್ತರಿಸಿ, ಉಳಿದ ದಿಮ್ಮಿಯನ್ನು ಅಲ್ಲೇ ಬಿಟ್ಟರೆ ಅದು ಮಣ್ಣನ್ನು ತಡೆಯುತ್ತದೆ. ಕಳ್ಳಜಾಡುಗಳಿಗೆ ಕೊಂಬೆರೆಂಬೆ ಹರಡಿ ಮುಚ್ಚಬೇಕು.

ಇಂಗುಗುಂಡಿ ತೋಡಿದರಾಗದೇ ಎಂದು ಕೇಳುವ ಸದಸ್ಯರಿದ್ದಾರೆ. ಬಯಲಿನ ತೋಟಕ್ಕೆ ಅದು ಸರಿ, ಕಡಿದಾದ ಇಳಿಜಾರಿಗೆ ಯೋಚಿಸಬೇಕು. ಕೊಡಗಿನ ತಲಕಾವೇರಿಯಲ್ಲಿ 2020ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಗಳು ಕೊಚ್ಚಿಹೋದಾಗ, ಮೇಲೆ ತೋಡಿದ್ದ ಇಂಗುಗುಂಡಿಗಳ ಪಾತ್ರವೇನೆಂಬ ಚರ್ಚೆಯೂ ನಡೆಯಿತು. ಅಲ್ಲಿನ ಮಳೆ ನಮ್ಮಲ್ಲಿ ಬೀಳದು, ನಿಜ. ಆದರೂ ಇಳಿಜಾರಿನಲ್ಲಿ ನೀರನ್ನು ಕೂಡಿಹಾಕುವುದಕ್ಕಿಂತ ಹರಡಿ ಬಿಡುವುದೇ ಲೇಸು.

ಇಷ್ಟಾದರೆ ಉಳಿದುದನ್ನು ಕಾಡೇ ಮಾಡಿಕೊಳ್ಳುತ್ತದೆ. ಮೊದಲ ಮಳೆಗೆ ಹುಲ್ಲು ಬರುತ್ತದೆ. ಮುರಿದ ದಿಂಡಿಗದ ಬುಡ ಚಿಗುರುತ್ತದೆ. ಮರ ಬಿದ್ದು ಬಿಸಿಲು ಬಿದ್ದ ಕಡೆ ಲಂಟಾನ ನುಗ್ಗುವುದೊಂದೇ ತೊಡಕು. ಅದನ್ನು ಕಾಯಿ ಬಿಡುವ ಮೊದಲೇ ಬುಡಸಹಿತ ಕೀಳಿಸಬೇಕು.

ಆದರೆ ಯಾರೂ ತಾವಾಗಿಯೇ ಕೊಡಲಿ, ಗುದ್ದಲಿ ಹಿಡಿದು ಹೋಗತಕ್ಕದ್ದಲ್ಲ. ಇದು ರಾಜ್ಯ ಅರಣ್ಯ. ಬಿದ್ದ ಮರಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಶ್ರಮದಾನಕ್ಕೆ ಒಪ್ಪುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಟ್ಟರೆ, ವಲಯ ಅರಣ್ಯಾಧಿಕಾರಿಗಳ ಅನುಮತಿಗೆ ನಾವು ಬರೆಯುತ್ತೇವೆ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಅಡ್ಡಗಾಲುವೆಗಳ ಕೆಲಸ ಮುಗಿಯಬೇಕು.