ಸೈಲೆನ್ಸರ್ ಬದಲಿಸಿದರೆ ಪಿಕಪ್ ಬರುತ್ತಾ?

ರಸ್ತೆ ಮೇಲೆ ಸಾಲಾಗಿ ಸೈಲೆನ್ಸರ್‌ಗಳನ್ನು ಜೋಡಿಸಿರುತ್ತಾರೆ. ರೋಡ್ ರೋಲರ್ ನಿಧಾನಕ್ಕೆ ಬರುತ್ತದೆ. ಖಾಕಿ ತೊಟ್ಟವರು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಪೈಪುಗಳೆಲ್ಲ ಅಪ್ಪಚ್ಚಿ. ಬೆಂಗಳೂರಲ್ಲೂ ಇದೇ, ಶಿವಮೊಗ್ಗದಲ್ಲೂ ಇದೇ. ಊರು ಬದಲಾಗುತ್ತದೆ, ದೃಶ್ಯ ಬದಲಾಗಲ್ಲ. ನಮ್ಮಂಥ ಚಾನೆಲ್‌ಗಳಿಗೆ ಅದು ಮೂವತ್ತು ಸೆಕೆಂಡಿನ ಒಳ್ಳೇ ವಿಶುವಲ್. ಆಮೇಲೆ ಮುಂದಿನ ಸುದ್ದಿ.

ಆದರೆ ಆ ಪೈಪನ್ನು ದುಡ್ಡು ಕೊಟ್ಟು ಹಾಕಿಸಿಕೊಂಡ ಹುಡುಗನ ಪ್ರಶ್ನೆಗೆ ರೋಡ್ ರೋಲರ್ ಉತ್ತರ ಕೊಡಲ್ಲ. ಅವನ ಪ್ರಶ್ನೆ ಕಾನೂನಿನದ್ದಲ್ಲ. ಯಳಂದೂರಿನಲ್ಲಿ ಒಬ್ಬ ನನ್ನನ್ನೇ ಕೇಳಿದ: "ಅಣ್ಣ, ನೀವು ಇಂಜಿನಿಯರಿಂಗ್ ಓದಿದ್ದೀರಲ್ಲ, ನಿಜ ಹೇಳಿ. ಇದ ಹಾಕ್ಸುದ್ರೆ ಪಿಕಪ್ ಬತ್ತದಾ, ಇಲ್ವಾ?"

ಒಳ್ಳೆಯ ಪ್ರಶ್ನೆ. ಬೈಯದೆ ಉತ್ತರ ಕೊಡೋಣ.

ಮೊದಲು ರಸ್ತೆ ನೋಡಿ. ಯಳಂದೂರಿನಿಂದ ಕೊಳ್ಳೇಗಾಲಕ್ಕೋ ಸಂತೇಮರಹಳ್ಳಿ ದಾಟಿ ಚಾಮರಾಜನಗರಕ್ಕೋ ಹೋಗುವವರಿಗೆ 948ನೇ ರಾಷ್ಟ್ರೀಯ ಹೆದ್ದಾರಿ. ಗದ್ದೆ, ಕಬ್ಬು, ತೆಂಗಿನ ನಡುವಿನ ಸಮತಟ್ಟಾದ ದಾರಿ. ಇನ್ನೊಂದು ಕಡೆ ಗುಂಬಳ್ಳಿ ದಾಟಿದರೆ ಬಿಳಿಗಿರಿರಂಗನ ಬೆಟ್ಟದ ಏರು. ಇಷ್ಟೇ ನಮ್ಮ ಟೆಸ್ಟ್ ಟ್ರ್ಯಾಕ್. ವಾಹನ ಯಾವುದು? ಹೆಚ್ಚಿನ ಮನೆಗಳಲ್ಲಿ ನೂರು ಸಿಸಿ ಬೈಕು. ಸ್ಪ್ಲೆಂಡರ್ ಪ್ಲಸ್ಸನ್ನೇ ತೆಗೆದುಕೊಳ್ಳಿ: 97.2 ಸಿಸಿ, 8,000 ಆರ್‌ಪಿಎಂನಲ್ಲಿ ಸುಮಾರು 8 ಹಾರ್ಸ್‌ಪವರ್.

ಎಂಟು ಅಂದರೆ ಕಡಿಮೆ ಅನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ಬೈಕು, ಮೇಲೆ ಇಬ್ಬರು, ಎಲ್ಲ ಸೇರಿ 240 ಕೆ.ಜಿ. ಅಂದುಕೊಳ್ಳಿ. ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಲು ಗಾಳಿಯನ್ನು ಸೀಳಬೇಕು, ಟೈರಿನ ಘರ್ಷಣೆ ಮೀರಬೇಕು. ಎರಡೂ ಸೇರಿದರೆ ಬೇಕಾಗುವುದು ಸುಮಾರು ಮೂರೂವರೆ ಹಾರ್ಸ್‌ಪವರ್. ಬೆಟ್ಟಕ್ಕೆ ಬನ್ನಿ. ನೂರು ಮೀಟರ್ ಮುಂದಕ್ಕೆ ಹೋದರೆ ಎಂಟು ಮೀಟರ್ ಮೇಲಕ್ಕೇರುವ ರಸ್ತೆಯಲ್ಲಿ 35 ಕಿ.ಮೀ. ವೇಗಕ್ಕೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಬೆಟ್ಟದ ಮೇಲೆ ಗಾಳಿ ತೆಳು. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಇಂಜಿನ್ ಶಕ್ತಿ ಸುಮಾರು ಶೇ. 10 ಕುಗ್ಗುತ್ತದೆ ಅನ್ನುವುದು ಹಳೆಯ ಅಂದಾಜು. ರಂಗನಾಥಸ್ವಾಮಿ ದೇವಸ್ಥಾನ ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಎತ್ತರದಲ್ಲಿದೆ. ಶೇ. 15 ಕಳೆಯಿರಿ. ಆಗಲೂ ಆರೂವರೆಗಿಂತ ಹೆಚ್ಚು ಉಳಿಯಿತು.

ಅಂದರೆ ಶಕ್ತಿ ಇದೆ. ಮತ್ತೆ ಏರಿನಲ್ಲಿ ಬೈಕು ಯಾಕೆ ಏದುಸಿರು ಬಿಡುತ್ತೆ? ಟಾಪ್ ಗೇರಿನಲ್ಲಿ ಇಂಜಿನ್ ನಿಧಾನ ತಿರುಗುತ್ತಿರುತ್ತೆ. ಎಂಟು ಹಾರ್ಸ್‌ಪವರ್ ಸಿಗುವುದು 8,000 ಸುತ್ತಿನಲ್ಲಿ, 3,000 ಸುತ್ತಿನಲ್ಲಿ ಅಲ್ಲ. ಅದಕ್ಕೆ ಮದ್ದು ಗೇರ್ ಇಳಿಸುವುದು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈಗ ಸೈಲೆನ್ಸರ್. ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತೆ. ಅದರ ಕೆಲಸ ಸದ್ದು ಅಡಗಿಸುವುದು ಮಾತ್ರ ಅಲ್ಲ. ಸಿಲಿಂಡರಿನಿಂದ ಹೊಗೆ ಒಂದೇ ಸಮನೆ ಹರಿದು ಹೋಗಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗೊಮ್ಮೆ ಒಂದು ಒತ್ತಡದ ಅಲೆ ಪೈಪಿನಲ್ಲಿ ಓಡುತ್ತೆ, ಅದರ ಒಂದು ಪಾಲು ತಿರುಗಿ ಬರುತ್ತೆ. ಆ ಅಲೆ ಸರಿಯಾದ ಕ್ಷಣಕ್ಕೆ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ತೆಗೆಯಲು ಸಹಾಯ ಆಗುತ್ತೆ. ಪೈಪು ಎಷ್ಟು ಉದ್ದ, ಎಷ್ಟು ಅಗಲ ಅನ್ನುವುದನ್ನು ಕಂಪನಿ ನಿರ್ಧರಿಸುವುದು ಇದನ್ನೂ ಲೆಕ್ಕ ಹಾಕಿಯೇ. ದಿನ ಓಡಾಡುವ ಬೈಕಿಗೆ ಮಧ್ಯಮ ಸುತ್ತಿನಲ್ಲಿ ಎಳೆತ ಸಿಗಬೇಕು ಅಂತ ಹೊಂದಿಸಿರುತ್ತಾರೆ. ಅದನ್ನು ಬಿಚ್ಚಿ ಖಾಲಿ ಡಬ್ಬಿಯಂಥ ಫ್ರೀ ಫ್ಲೋ ಪೈಪ್ ಹಾಕಿದರೆ ಸಾಮಾನ್ಯವಾಗಿ ಆಗುವುದೇನು? ಮೇಲಿನ ಸುತ್ತಿನಲ್ಲಿ ಎಲ್ಲೋ ಚೂರು ಹೆಚ್ಚಬಹುದು, ಕೆಳಗಿನ ಸುತ್ತಿನಲ್ಲಿ ಎಳೆತ ಕುಗ್ಗುತ್ತದೆ. ಬೆಟ್ಟ ಹತ್ತುವಾಗ, ಹಿಂದೆ ಗೊಬ್ಬರದ ಮೂಟೆ ಇಟ್ಟುಕೊಂಡು ಹೋಗುವಾಗ ಬೇಕಾಗುವುದು ಯಾವುದು? ಕೆಳಗಿನದ್ದೇ! ಅಲ್ಲೇ ಕೈಕೊಡುತ್ತೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಇನ್ನೂ ಒಂದು ವಿಷಯ ಇದೆ. ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತೆ. ಅದು ಹೇಳಿದಂತೆ ಪುಟ್ಟ ಕಂಪ್ಯೂಟರ್ ಪೆಟ್ರೋಲ್ ಪ್ರಮಾಣ ತಿದ್ದುತ್ತೆ. ವಿಷಗಾಳಿ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಅದೇ ಪೈಪಿನ ಭಾಗ. ನೀವು ಪೈಪ್ ಬದಲಿಸಿದರೂ ಸಾಮಾನ್ಯ ಓಟದಲ್ಲಿ ಕಂಪ್ಯೂಟರ್ ಮಿಶ್ರಣವನ್ನು ಹಳೇ ಅಳತೆಗೇ ಎಳೆದು ತರುತ್ತೆ. ಶಕ್ತಿ ಅಲ್ಲೇ ಇರುತ್ತೆ, ಹೊಗೆ ಮಾತ್ರ ಕೆಡುತ್ತೆ.

"ಇಲ್ಲಣ್ಣ, ಗಾಡಿ ನುಗ್ತದ, ನಂಗೆ ಗೊತ್ತಾಯ್ತದ" ಅಂತಾನೆ ಹುಡುಗ. ಅವನು ಸುಳ್ಳು ಹೇಳುತ್ತಿಲ್ಲ. ಕಿವಿ ಹಾಗೆ ಹೇಳುತ್ತಿದೆ. ಸದ್ದು ಹೆಚ್ಚಾದರೆ ವೇಗ ಹೆಚ್ಚಾದಂತೆ ಅನಿಸುವುದು ಮನುಷ್ಯನ ಸ್ವಭಾವ. ಪರೀಕ್ಷೆ ಸುಲಭ. ಕಿವಿ ನಂಬಬೇಡಿ, ಗಡಿಯಾರ ನಂಬಿ.

ಇಲ್ಲೊಂದು ಲೆಕ್ಕ. ನೆಲದ ಮೇಲೆ ಓಡುವ ವಾಹನಕ್ಕೆ ವೇಗ ಹೆಚ್ಚಿದಂತೆ ಗಾಳಿ ಗೋಡೆಯಾಗುತ್ತದೆ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ಹಾಗಾಗಿ ಶಕ್ತಿಯನ್ನು ಶೇ. 20 ಹೆಚ್ಚಿಸಿದರೂ ಗರಿಷ್ಠ ವೇಗ ಹೆಚ್ಚುವುದು ಶೇ. 6ರಷ್ಟು. 90 ಇದ್ದದ್ದು 95 ಆಯಿತು. ನೂರು ಸಿಸಿ ಬೈಕಿನಲ್ಲಿ ಪೈಪು, ಫಿಲ್ಟರ್ ಬದಲಿಸಿ ಶೇ. 20 ಸಿಗೋದೂ ಇಲ್ಲ. ಕೊಳ್ಳೇಗಾಲಕ್ಕೆ ಹೋಗಿ ಬರುವುದರಲ್ಲಿ ಉಳಿಯುವ ಸಮಯ ಒಂದೆರಡು ನಿಮಿಷ. ಅದೂ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರದಿದ್ದರೆ.

ಫಿಲ್ಟರ್ ಕಥೆ ಕೇಳಿ. ಜಾಸ್ತಿ ಗಾಳಿ ಬಿಡುವ ಏರ್ ಫಿಲ್ಟರ್ ಅಂತ ಮಾರುತ್ತಾರೆ. ಗಾಳಿ ಸುಲಭವಾಗಿ ಒಳಗೆ ಬರುತ್ತದೆ ಅಂದರೆ ಧೂಳಿಗೂ ದಾರಿ ಸುಲಭ ಆಗಬಹುದು. ಸುಗ್ಗಿಯ ಹೊತ್ತಿನಲ್ಲಿ ನಮ್ಮ ಮಣ್ಣಿನ ರಸ್ತೆಗಳ ಧೂಳು ನಿಮಗೇ ಗೊತ್ತು. ಆ ಧೂಳು ಸಿಲಿಂಡರಿಗೆ ಇಳಿದರೆ ಪಿಸ್ಟನ್ ರಿಂಗ್‌ಗೆ ಉಪ್ಪುಕಾಗದ ಇದ್ದಂತೆ. ಇಂದು ಕಾಣಲ್ಲ. ಒಂದೆರಡು ವರ್ಷ ಕಳೆದ ಮೇಲೆ ನೀಲಿ ಹೊಗೆ, ಆಯಿಲ್ ಖಾಲಿ, ರೀಬೋರ್ ಖರ್ಚು.

ಹಾಗಾದರೆ ಯಾವ ಮಾರ್ಪಾಡೂ ಶಕ್ತಿ ಕೊಡುವುದೇ ಇಲ್ವಾ? ಕೊಡುತ್ತೆ. ಟರ್ಬೋ ಇರುವ ಡೀಸೆಲ್ ಕಾರಿನ ಕಂಪ್ಯೂಟರ್ ಪ್ರೋಗ್ರಾಂ ಬದಲಿಸಿದರೆ, ಅಂದರೆ ರೀಮ್ಯಾಪ್ ಮಾಡಿಸಿದರೆ ಶೇ. 20ರಷ್ಟು ಹೆಚ್ಚಳ ನಿಜವಾಗಿಯೂ ಸಿಗಬಹುದು. ಟರ್ಬೋ ಒತ್ತಡ ಏರಿಸಿ ಹೆಚ್ಚು ಡೀಸೆಲ್ ಸುರಿಯುತ್ತಾರೆ, ಅಷ್ಟೇ. ಆದರೆ ಆ ಹೆಚ್ಚುವರಿ ಎಳೆತವನ್ನು ಹೊರುವವರು ಯಾರು? ಹಳೇ ಕ್ಲಚ್ಚು, ಹಳೇ ಗೇರ್‌ಬಾಕ್ಸು, ಅದೇ ಟರ್ಬೋ. ವಾರಂಟಿ ಇದ್ದರೆ ಅದಕ್ಕೂ ಕುತ್ತು.

ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕಲ್ಲಿನ ಬಳೆಗಳು. ಅದರಲ್ಲಿ ಒಂದೇ ಬಳೆಯನ್ನು ದಪ್ಪ ಮಾಡಿ ಸರಪಳಿ ಗಟ್ಟಿಯಾಯಿತು ಅನ್ನೋಕಾಗುತ್ತಾ? ವಾಹನವೂ ಸರಪಳಿಯೇ. ಇಂಜಿನ್, ಕ್ಲಚ್, ಚೈನ್, ಟೈರ್, ಕೊನೆಗೆ ಬ್ರೇಕ್. ನಾವು ಮೊದಲ ಕೊಂಡಿಗೆ ಮಾತ್ರ ದುಡ್ಡು ಹಾಕುತ್ತೇವೆ. ಪ್ರಾಣ ಇರುವುದು ಕೊನೆಯ ಕೊಂಡಿಯಲ್ಲಿ. 60ರ ವೇಗದಿಂದ 72ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ. 20. ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚಿದ್ದು ಶೇ. 44. ಗುಂಬಳ್ಳಿ ಕಡೆಗೆ ಇಳಿಯುವಾಗ ತಿರುವಿನಲ್ಲಿ ಆನೆ ನಿಂತಿದ್ದರೆ ಪಿಕಪ್ ಕಾಪಾಡಲ್ಲ, ಬ್ರೇಕ್ ಕಾಪಾಡಬೇಕು.

ಆನೆ ಅಂದೆ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಸೋಲಿಗರ ಪೋಡುಗಳಿವೆ, ಶಾಲೆ ಇದೆ, ಆಸ್ಪತ್ರೆ ಇದೆ. 80ರಿಂದ 175 ಸಿಸಿವರೆಗಿನ ಬೈಕು ತಯಾರಾಗುವಾಗ ಸದ್ದಿನ ಮಿತಿ 77 ಡೆಸಿಬೆಲ್. ಬದಲಿ ಪೈಪ್ ಹಾಕಿದ ಮೇಲೆ ಅದು 97 ಆಯಿತು ಅಂದುಕೊಳ್ಳಿ. "ಇಪ್ಪತ್ತು ತಾನೇ ಜಾಸ್ತಿ" ಅಂತೀರಾ? ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕ ಅಲ್ಲ. ಪ್ರತಿ ಹತ್ತಕ್ಕೆ ಶಬ್ದದ ಶಕ್ತಿ ಹತ್ತು ಪಟ್ಟು. ಇಪ್ಪತ್ತು ಅಂದರೆ ನೂರು ಪಟ್ಟು! ಬಾಣಂತಿ ಮಲಗಿರುವ ಮನೆ ಮುಂದೆ ಒಂದು ಬೈಕ್ ಹೋದರೆ ನೂರು ಬೈಕ್ ಒಟ್ಟಿಗೆ ಹೋದ ಹಾಗೆ.

ಕಾನೂನನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪುಸ್ತಕದ ವಿವರ, ತಯಾರಕರ ಮೂಲ ವಿನ್ಯಾಸ ಇವುಗಳಿಗೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಮಾರ್ಪಾಡು ಸಿಕ್ಕಿದರೆ ನಿಮ್ಮ ಗಾಡಿಯ ಕ್ಲೇಮ್ ತಕರಾರಿಗೆ ಬೀಳಬಹುದು. ಇಎಂಐ ಮಾತ್ರ ತಕರಾರಿಲ್ಲದೆ ಕಟ್ ಆಗುತ್ತಿರುತ್ತೆ.

ಇಷ್ಟೆಲ್ಲ ಹೇಳಿ ಆ ಹುಡುಗನ ಆಸೆಯನ್ನು ತಮಾಷೆ ಮಾಡಲು ನನಗೆ ಮನಸ್ಸಿಲ್ಲ. ಯಂತ್ರ ಬಿಚ್ಚಿ ನೋಡುವ ಆಸೆಯೇ ಎಷ್ಟೋ ಜನರನ್ನು ಮೆಕ್ಯಾನಿಕಲ್ ವಿಭಾಗಕ್ಕೆ ಕರೆದೊಯ್ಯುವುದು. ಆ ಆಸೆಗೆ ಜಾಗ ಇದೆ. ನಮ್ಮ 948ನೇ ಹೆದ್ದಾರಿಯನ್ನೇ ಹಿಡಿದು ಚಾಮರಾಜನಗರ ದಾಟಿ, ದಿಂಬಂ ಘಾಟಿ ಇಳಿದು ಹೋದರೆ ಕೊಯಮತ್ತೂರು. ಅಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎಸ್. ಕರಿವರ್ಧನ್ ನೆನಪಿನಲ್ಲಿ ಕಟ್ಟಿದ ರೇಸ್ ಟ್ರ್ಯಾಕ್. ಫಾರ್ಮುಲಾ ಮಾರುತಿ ಅನ್ನುವ ಅಗ್ಗದ ರೇಸ್ ಕಾರು ಮಾಡಿದವರು ಅವರು. ಅದರ ಇಂಜಿನ್ ಯಾವುದು ಗೊತ್ತಾ? ನಮ್ಮ ಮಾರುತಿ 800ರದ್ದು! ಅವರು ಊರೊಳಗೆ ಓಡುವ 800ಕ್ಕೆ ರೇಸ್ ಪೈಪು ಹಾಕಿ ಸುಮ್ಮನಾಗಲಿಲ್ಲ. ಆ ಇಂಜಿನ್ನಿನ ಸುತ್ತ ಹಗುರವಾದ, ನೆಲಕ್ಕಂಟಿದ, ಒಬ್ಬರೇ ಕೂರುವ ರೇಸ್ ಕಾರನ್ನೇ ಕಟ್ಟಿದರು. ಅದು ಓಡುವುದು ಎದುರಿನಿಂದ ಯಾರೂ ಬರದ ಟ್ರ್ಯಾಕಿನಲ್ಲಿ. ನಮ್ಮ ಕಾಲೇಜು ಹುಡುಗರು ಬಾಹಾ ಸ್ಪರ್ಧೆಗೆ ಕೈಯಾರೆ ವಾಹನ ಕಟ್ಟುವುದೂ ಅಂಥದ್ದೇ ಕೆಲಸ.

ದಿನನಿತ್ಯದ ವಾಹನಕ್ಕೆ ದುಡ್ಡು ಹಾಕಲೇಬೇಕು ಅಂದರೆ ಎಲ್ಲಿ ಹಾಕಬೇಕು? ಅದಕ್ಕೂ ಉತ್ತರ ಇದೆ. ಸವೆದ ಟೈರ್ ಬದಲಿಸಿ. ಬ್ರೇಕ್ ಶೂ ಬದಲಿಸಿ. ಚೈನ್ ತೊಳೆದು ಎಣ್ಣೆ ಹಾಕಿ, ಸಡಿಲ ಸರಿಮಾಡಿ. ಟೈರಿನ ಗಾಳಿ ನೋಡಿಸಿ. ಏರ್ ಫಿಲ್ಟರ್ ಕಂಪನಿಯದ್ದೇ ಇರಲಿ, ಆದರೆ ಹೊಸದಿರಲಿ. ಐದಾರು ವರ್ಷದ ಬೈಕಿನಲ್ಲಿ ಕಳೆದುಹೋದ ಪಿಕಪ್ ಬಹಳ ಸಲ ಇಲ್ಲೇ ವಾಪಸ್ ಸಿಗುತ್ತೆ.

ಮತ್ತೆ, ಕಾನೂನು ಎಲ್ಲ ಮಾರ್ಪಾಡಿಗೂ ಬಾಗಿಲು ಮುಚ್ಚಿಲ್ಲ. ಅನುಮೋದಿತ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಅಂಗವಿಕಲರು ಓಡಿಸಲು ಬೇಕಾದಂತೆ ವಾಹನವನ್ನು ಹೊಂದಿಸಿಕೊಳ್ಳಲು ಅವಕಾಶ ಇದೆ. ಹಿಂದೆ ಎರಡು ಚಕ್ರ ಹೆಚ್ಚುವರಿ ಇರುವ ಸ್ಕೂಟರ್ ಕೊಳ್ಳೇಗಾಲದ ಸಂತೆಯಲ್ಲೋ ತಾಲ್ಲೂಕು ಕಚೇರಿ ಮುಂದೆಯೋ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಅಂಥ ವಾಹನಗಳನ್ನು ಸರ್ಕಾರವೇ ಕೊಡುತ್ತದೆ. ಆ ಎರಡು ಚಕ್ರಗಳಿಂದ ಗಾಡಿಯ ವೇಗ ಒಂದು ಕಿಲೋಮೀಟರೂ ಹೆಚ್ಚಲಿಲ್ಲ. ಆದರೆ ಮನೆಯಲ್ಲೇ ಕೂತಿರಬೇಕಿದ್ದ ಒಬ್ಬರು ಬೆಳಿಗ್ಗೆ ಎದ್ದು, ಯಾರನ್ನೂ ಕೇಳದೆ, ಕೆಲಸಕ್ಕೆ ಹೊರಟರು.