ಹಿಂದಿನ ಲೆಕ್ಕ, ಮುಂದಿನ ಹಾಲು

ಎಮ್ಮೆ ಯಾವಾಗ ಈಯುತ್ತದೆ, ಹಾಲು ಯಾವಾಗ ಇಳಿಯುತ್ತದೆ ಎಂಬುದನ್ನು ಅನುಭವಿ ಹೈನುಗಾರರು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಅದೇ ಲೆಕ್ಕವನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಟ್ಟರೆ ಮನೆಗೂ ಸಂಘಕ್ಕೂ ಮುಂದಿನ ತಿಂಗಳುಗಳ ಅಂದಾಜು ಸಿಗುತ್ತದೆ.

ಮೊದಲು ಒಂದೇ ಜಾನುವಾರಿನ ಮಾತು. ಆಕಳಿನ ಗರ್ಭದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಜನವರಿ 10ರಂದು ಕೃತಕ ಗರ್ಭಧಾರಣೆ ಮಾಡಿಸಿ ಗಬ್ಬ ನಿಂತರೆ ಆಕಳು ಅಕ್ಟೋಬರ್ 17ರ ಆಸುಪಾಸಿನಲ್ಲಿ, ಎಮ್ಮೆ ನವೆಂಬರ್ 16ರ ಆಸುಪಾಸಿನಲ್ಲಿ ಈಯಬೇಕು. ಅದಕ್ಕೆ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು. ಈದ ಆರರಿಂದ ಎಂಟು ವಾರಗಳ ಹೊತ್ತಿಗೆ ಹಾಲು ಗರಿಷ್ಠ ಮಟ್ಟ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಈ ಏರಿಳಿತಕ್ಕೆ ಇಂಗ್ಲೆಂಡಿನ ವುಡ್ ಎಂಬ ವಿಜ್ಞಾನಿ 1967ರಲ್ಲಿ ಒಂದು ಗಣಿತ ಸೂತ್ರವನ್ನೇ ಕೊಟ್ಟರು. ಆ ಸೂತ್ರದ ಗೊಡವೆ ನಮಗೆ ಬೇಡ. ಅದರ ಉಪಯೋಗವಷ್ಟೇ ಸಾಕು: ನಿಧಾನವಾಗಿ ಇಳಿಯಬೇಕಾದ ಹಾಲು ಎರಡೇ ದಿನದಲ್ಲಿ ಒಂದೂವರೆ ಲೀಟರ್ ಕುಸಿದರೆ ಅದು ಸಹಜ ಇಳಿತವಲ್ಲ. ಮೇವು, ನೀರು, ಕೆಚ್ಚಲು ಬಾವು ಇವುಗಳಲ್ಲಿ ಕಾರಣ ಹುಡುಕಬೇಕು. ಪುಸ್ತಕವಿಲ್ಲದವರಿಗೆ ಈ ಕುಸಿತ ತಿಳಿಯುವಷ್ಟರಲ್ಲಿ ವಾರ ಕಳೆದಿರುತ್ತದೆ.

ಇನ್ನು ಸಂಘದ ಲೆಕ್ಕ. ನಮ್ಮ ಭಾಗದಲ್ಲಿ ಎಮ್ಮೆಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಈಯುತ್ತವೆ. ಕಬ್ಬು ಕಟಾವು ಆರಂಭವಾದರೆ ಸೋಗೆಯೂ ಸಿಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಹಾಲು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಹಿಂದಿನ ಮೂರು ವರ್ಷಗಳ ಅದೇ ತಿಂಗಳ ಸರಾಸರಿ ತೆಗೆದರೆ ಈ ವರ್ಷದ ಅಂದಾಜು ದೊರೆಯುತ್ತದೆ. ಕ್ಯಾನು, ಪಶು ಆಹಾರ, ಹಾಲು ಸಾಗಿಸುವ ವಾಹನ ಎಲ್ಲಕ್ಕೂ ಇದೇ ಆಧಾರ.

ಆದರೆ ಇಲ್ಲಿ ಒಂದು ಮೋಸವಿದೆ. ಒಂದು ಸಂಘದ ಆಗಸ್ಟ್ ತಿಂಗಳ ದಿನದ ಹಾಲು ಎರಡು ವರ್ಷ 500 ಮತ್ತು 510 ಲೀಟರ್, ಇನ್ನೊಂದು ವರ್ಷ ಪ್ರವಾಹದಿಂದ 220 ಲೀಟರ್ ಇತ್ತು ಎಂದುಕೊಳ್ಳಿ. ಮೂರರ ಸರಾಸರಿ 410. ಅಷ್ಟಕ್ಕೇ ಸಿದ್ಧತೆ ಮಾಡಿಕೊಂಡ ಸಂಘಕ್ಕೆ ಒಳ್ಳೆಯ ವರ್ಷದಲ್ಲಿ ಕ್ಯಾನು ಸಾಲುವುದಿಲ್ಲ. ಪ್ರವಾಹದ ವರ್ಷವನ್ನು ಬಿಟ್ಟರೆ ಸರಾಸರಿ 505. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದ 2005, 2019, 2021 ಹಾಗೂ ಚರ್ಮಗಂಟು ರೋಗ ಹರಡಿದ 2022, ಇಂಥ ವರ್ಷಗಳ ಅಂಕಿಗಳ ಪಕ್ಕದಲ್ಲಿ ಕಾರಣ ಬರೆದಿಡಬೇಕು. ಹಾಗೆಂದು ಅವನ್ನು ಅಳಿಸಬಾರದು. ನೀರು ಬಂದಾಗ ಎಷ್ಟು ದಿನ ಹಾಲು ನಿಂತಿತ್ತು, ದನಗಳನ್ನು ಎಲ್ಲಿಗೆ ಒಯ್ದಿದ್ದೆವು, ಎಷ್ಟು ಮೇವು ಬೇಕಾಯಿತು ಎಂಬುದು ಮುಂದಿನ ಪ್ರವಾಹಕ್ಕೆ ಅಮೂಲ್ಯ ಮಾಹಿತಿ. ನದಿದಂಡೆಯ ಗ್ರಾಮಗಳ ಸಂಘಗಳಿಗಂತೂ ಮೊದಲು ಬೇಕಾದುದು ಇದೇ.

ಅಂಕಿಯೇ ಸುಳ್ಳಾದರೆ ಅಂದಾಜೂ ಸುಳ್ಳು. ಅಣ್ಣನ ಹಾಲನ್ನು ತಮ್ಮನ ಹೆಸರಿನಲ್ಲಿ ಹಾಕುವುದು ಹಳ್ಳಿಯಲ್ಲಿ ತೀರ ಸಾಮಾನ್ಯ, ಯಾರೂ ಅದನ್ನು ತಪ್ಪೆಂದು ಎಣಿಸುವುದಿಲ್ಲ. ಆದರೆ ಅಣ್ಣ ಎಮ್ಮೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅವನ ಖಾತೆಯಲ್ಲಿ ಹಾಲೇ ಇರುವುದಿಲ್ಲ. ಬೋನಸ್ಸೂ ತಮ್ಮನಿಗೇ ಹೋಗುತ್ತದೆ. ಸದಸ್ಯರ ಸಂಖ್ಯೆ ಯಾರದೋ ಅವರ ಹಾಲು ಮಾತ್ರ ಆ ಸಂಖ್ಯೆಗೆ ಬರಬೇಕು. ಕಿವಿಯೋಲೆಯ 12 ಅಂಕಿಗಳನ್ನೂ ಮನೆಯ ಪುಸ್ತಕದಲ್ಲಿ ಬರೆದಿಡಿರಿ. ಓಲೆ ಕಿತ್ತುಹೋದರೆ ವಿಮೆಯ ಕಂಪನಿಗೆ ಹೇಳಲು ಬೇರೆ ಗುರುತು ಸುಲಭಕ್ಕೆ ಸಿಗದು.

ಕಂಪ್ಯೂಟರ್ ಬಂದ ಮೇಲೆ ಪುಸ್ತಕ ಬೇಡ ಎಂಬ ಭಾವನೆ ಸರಿಯಲ್ಲ. ವಿದ್ಯುತ್ ಹೋದಾಗ, ಯಂತ್ರ ಕೆಟ್ಟಾಗ ಕೈಬರಹವೇ ಗತಿ. ಪಾಸ್‌ವರ್ಡ್ ಗೋಡೆಯ ಮೇಲೆ ಬರೆಯಬಾರದು. ಪ್ರತಿ ಪಾವತಿಯ ದಿನ ಮಾಹಿತಿಯ ಇನ್ನೊಂದು ಪ್ರತಿ ತೆಗೆದು, ನೀರು ಮುಟ್ಟದ ಎತ್ತರದ ಸ್ಥಳದಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡಬೇಕು. ಯಂತ್ರವೂ ಅದರ ಪ್ರತಿಯೂ ಒಂದೇ ಕಪಾಟಿನಲ್ಲಿದ್ದರೆ ಒಂದೇ ನೀರಿಗೆ ಎರಡೂ ಹೋಗುತ್ತವೆ.

ಸದಸ್ಯರು ಪ್ರತಿದಿನದ ಚೀಟಿಯನ್ನು ಪಾವತಿ ಮುಗಿಯುವವರೆಗೆ ಎಸೆಯದೆ, ಲೀಟರ್, ಜಿಡ್ಡು ಮತ್ತು ಎಸ್.ಎನ್.ಎಫ್. ಮೂರನ್ನೂ ಸಂಘದ ಪಟ್ಟಿಯೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಅದೇ ದಿನ ಕಾರ್ಯದರ್ಶಿಯವರಿಗೆ ತಿಳಿಸಿ. ತಿದ್ದುಪಡಿ ಮಾಡುವಾಗ ಹಳೆಯ ಅಂಕಿಯನ್ನು ಒಂದು ಗೆರೆಯಿಂದ ಹೊಡೆದು, ಹೊಸದನ್ನು ಪಕ್ಕದಲ್ಲಿ ಬರೆದು ಇಬ್ಬರೂ ಸಹಿ ಮಾಡತಕ್ಕದ್ದು.